ಪ್ರವಾಹ ನಿಂತಿತು, ನದಿಯೂ ನಿಂತಿತು: ವಿಶ್ವೇಶ್ವರಯ್ಯನವರ ನಂತರದ ಮೂಸಿ ಕಥೆ

ಹೈದರಾಬಾದ್‌: ವರ್ಷದ ಬಹುಪಾಲು ದಿನ ಮೂಸಿ ನದಿ ಎಂದರೆ ಮೂಗು ಮುಚ್ಚಿಕೊಂಡು ದಾಟುವ ಕಪ್ಪು ನೀರು. ಆದರೆ ಜೋರು ಮಳೆ ಬಂದು ಮೇಲಿನ ಜಲಾಶಯಗಳ ಗೇಟು ತೆರೆದರೆ ಚಾದರ್‌ಘಾಟ್‌ ಸುತ್ತಲಿನ ಬಡಾವಣೆಗಳಲ್ಲಿ ಸಾಮಾನು ಕಟ್ಟುವ ಗಡಿಬಿಡಿ. 2025ರ ಸೆಪ್ಟೆಂಬರ್‌ನಲ್ಲಿ ಮಹಾತ್ಮ ಗಾಂಧಿ ಬಸ್‌ ನಿಲ್ದಾಣಕ್ಕೇ ನೀರು ನುಗ್ಗಿತ್ತು. ಒಂದೇ ನದಿ ಹೀಗೇಕೆ?

ಉತ್ತರಕ್ಕೆ 1908ಕ್ಕೆ ಹೋಗಬೇಕು. ಆ ವರ್ಷದ ಸೆಪ್ಟೆಂಬರ್‌ 28ರಂದು ಮೂಸಿ ಉಕ್ಕಿ ಸುಮಾರು 15 ಸಾವಿರ ಜನ ಸತ್ತರೆಂದು ಅಂದಾಜು. ಉಸ್ಮಾನಿಯಾ ಆಸ್ಪತ್ರೆ ಆವರಣದ ಹುಣಸೆ ಮರವೊಂದನ್ನು ಹತ್ತಿ ಕುಳಿತ ನೂರಾರು ಜನ ಬದುಕುಳಿದರು. ಆ ಮರ ಇಂದಿಗೂ ಇದೆ. ಮರುವರ್ಷ ನಿಜಾಮ್‌ ಸರ್ಕಾರ ಕರೆಸಿದ್ದು ನಮ್ಮ ಸರ್‌ ಎಂ. ವಿಶ್ವೇಶ್ವರಯ್ಯ ಅವರನ್ನು. ಮೇಲ್ಭಾಗದ 200ಕ್ಕೂ ಹೆಚ್ಚು ಕೆರೆಗಳು ಸಾಲಾಗಿ ಒಡೆದದ್ದೇ ಅನಾಹುತ ಹಿಗ್ಗಲು ಕಾರಣವೆಂದು ಅವರು ಕಂಡುಕೊಂಡರು. ನಗರದ ಮೇಲೆಯೇ ನೆರೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಜಲಾಶಯಗಳು, ದಡದಲ್ಲಿ ಉದ್ಯಾನ, ಊರಿಗೆ ಒಳಚರಂಡಿ ಎಂಬುದು ಅವರ ಸಲಹೆ. 1920ರಲ್ಲಿ ಉಸ್ಮಾನ್‌ ಸಾಗರ, 1927ರಲ್ಲಿ ಉಪನದಿ ಈಸಿಗೆ ಹಿಮಾಯತ್‌ ಸಾಗರ ಸಿದ್ಧವಾದವು.

ಊರು ಉಳಿಯಿತು, ಕುಡಿಯುವ ನೀರೂ ಸಿಕ್ಕಿತು. ಆದರೆ ಕೆಳಗಿನ ಪಾತ್ರ ಬತ್ತಿತು. ಒಣಗಿದ ನದಿ ನೋಡುವವರಿಗೆ ಖಾಲಿ ಜಾಗದಂತೆ ಕಾಣುತ್ತದೆ! ಬಡವರ ಗುಡಿಸಲು ಮಾತ್ರವಲ್ಲ, ದೊಡ್ಡ ಕಟ್ಟಡಗಳೂ ಒಳಕ್ಕೆ ಸರಿದವು. ನಗರಕ್ಕೆ ಮಂಜೀರಾ, ಕೃಷ್ಣಾ, ಗೋದಾವರಿ ನೀರು ಬಂದಿತು. ಬಳಸಿದ ಆ ನೀರೆಲ್ಲ ಇಳಿದದ್ದು ಮೂಸಿಗೆ. ಹರಿವಿಲ್ಲದ ನದಿಗೆ ಕೊಳಚೆಯನ್ನು ತೊಳೆಯುವ ಶಕ್ತಿ ಎಲ್ಲಿಂದ ಬರಬೇಕು? ಕೆಳಗಿನ ಹಳ್ಳಿಗಳ ರೈತರು ಅದೇ ನೀರಿನಲ್ಲಿ ಭತ್ತ ಮತ್ತು ಎಮ್ಮೆಗಳಿಗೆ ಹುಲ್ಲು ಬೆಳೆಯುತ್ತಾರೆ. ಬೇಸಿಗೆಯಲ್ಲೂ ತಪ್ಪದೆ ಬರುವುದು ಅದೊಂದೇ ನೀರು.

ಜಲಾಶಯಗಳ ರಕ್ಷಣೆಗೆ 1996ರಲ್ಲಿ ಬಂದ 111ನೇ ಸರ್ಕಾರಿ ಆದೇಶ ಸುತ್ತಲಿನ 10 ಕಿ.ಮೀ. ವ್ಯಾಪ್ತಿಯ ನಿರ್ಮಾಣಕ್ಕೆ ಕಡಿವಾಣ ಹಾಕಿತ್ತು. 2022ರಲ್ಲಿ ಆ ನಿರ್ಬಂಧ ತೆಗೆಯಲು ಸರ್ಕಾರ ಮುಂದಾಯಿತು.

2024ರಲ್ಲಿ ನದಿ ಪುನರುಜ್ಜೀವನದ ಹೆಸರಲ್ಲಿ ಪಾತ್ರದೊಳಗಿನ ಮನೆಗಳ ಗೋಡೆಗಳ ಮೇಲೆ ಕೆಂಪು ಗುರುತು ಬಿದ್ದಿತು. ಸರ್ಕಾರ ಎರಡು ಕೋಣೆಯ ಮನೆ ಕೊಡುತ್ತದೆ. ಆದರೆ ಹಳೇ ನಗರದ ಕೂಲಿ, ಮಕ್ಕಳ ಶಾಲೆ ಬಿಟ್ಟು ದೂರ ಹೋಗುವುದು ಹೇಗೆಂಬುದು ಅನೇಕ ಕುಟುಂಬಗಳ ಅಳಲು. ಇತ್ತ ಮೂಸಿಯಲ್ಲಿ ಮತ್ತೆ ನೀರು ಹರಿಸಲು ಹಾಕಿರುವ ಯೋಜನೆಯೆಂದರೆ, ಮಲ್ಲಣ್ಣಸಾಗರದಿಂದ ಗೋದಾವರಿ ನೀರು ತಂದು ಸುರಿಯುವುದು.