ಹವಾಮಾನ ಶಾಸನವೂ ಪ್ರಜೆಗಳ ಕರ್ತವ್ಯವೂ

ಶಾಸನಗಳು ಮಂತ್ರಿಗಳ ಮೇಜಿನ ಮೇಲೆ ಹುಟ್ಟುತ್ತವೆಂದು ನಮ್ಮಲ್ಲಿ ಅನೇಕರು ನಂಬಿರುವರು. ಮಂತ್ರಿಗಳು ಬರೆಯಿಸುವುದು ಅದರ ಒಕ್ಕಣೆಯನ್ನು ಮಾತ್ರ. ಬರೆಯಿಸದೆ ವಿಧಿಯಿಲ್ಲವೆಂಬ ಸ್ಥಿತಿಯನ್ನು ಉಂಟುಮಾಡುವವರು ಪ್ರಜೆಗಳು. ಈ ಮಾತಿಗೆ ಬ್ರಿಟನ್ನಿನ ಹವಾಮಾನ ಶಾಸನದ ಚರಿತ್ರೆಯು ತಕ್ಕ ನಿದರ್ಶನವಾಗಿದೆ. ಆ ದೇಶದ ಆಳಿಕೆಯನ್ನು ನಮ್ಮ ಹಿರಿಯರು ಪ್ರತಿಭಟಿಸಿದರು. ಆದರೆ ಅಲ್ಲಿಯ ಸಾಮಾನ್ಯ ಮತದಾರರು ಮಾಡಿದ ಸತ್ಕಾರ್ಯವನ್ನು ತಿಳಿದುಕೊಳ್ಳುವುದಕ್ಕೆ ನಮಗೆ ಸಂಕೋಚವೇಕೆ?

೨೦೦೫ನೆಯ ಇಸವಿಯ ಏಪ್ರಿಲಿನಲ್ಲಿ ಲೇಬರ್ ಪಕ್ಷದ ಮೈಕೇಲ್ ಮೀಚರ್, ಕನ್ಸರ್ವೇಟಿವ್ ಪಕ್ಷದ ಜಾನ್ ಗಮ್ಮರ್, ಲಿಬರಲ್ ಡೆಮೊಕ್ರಾಟ್ ಪಕ್ಷದ ನಾರ್ಮನ್ ಬೇಕರ್ ಎಂಬ ಮೂವರು ಸದಸ್ಯರು ಪಕ್ಷಭೇದವನ್ನು ಮರೆತು ಕಾಮನ್ಸ್ ಸಭೆಯಲ್ಲಿ ಹವಾಮಾನ ಮಸೂದೆಯೊಂದನ್ನು ತಂದರು. ಚುನಾವಣೆಯು ಬಂದುದರಿಂದ ಅದು ಬಿದ್ದುಹೋಯಿತು. ಅಲ್ಲಿಗೆ ಮುಗಿಯಬಹುದಾಗಿದ್ದ ಕಾರ್ಯವನ್ನು ಮುಂದುವರಿಸಿದವರು ಊರೂರಿನ ಜನರು. ‘ಫ್ರೆಂಡ್ಸ್ ಆಫ್ ದಿ ಅರ್ತ್’ ಎಂಬ ಸಂಸ್ಥೆಯು ಮರುತಿಂಗಳಲ್ಲಿಯೇ ‘ಬಿಗ್ ಆಸ್ಕ್’, ಎಂದರೆ ದೊಡ್ಡ ಬೇಡಿಕೆ, ಎಂಬ ಚಳವಳಿಯನ್ನು ಹೂಡಿತು. ಭೂಮಿಯನ್ನು ಕಾಯಿಸುವ ಅನಿಲಗಳನ್ನು ವರ್ಷವರ್ಷವೂ ತಗ್ಗಿಸುವಂತೆ ಸರ್ಕಾರವನ್ನೇ ಕಟ್ಟಿಹಾಕುವ ಶಾಸನವು ಬೇಕೆಂಬುದೇ ಆ ಬೇಡಿಕೆ. ಉಪಾಯವೂ ಸರಳವಾದುದು: ಪ್ರತಿಯೊಬ್ಬ ಮತದಾರನೂ ತನ್ನ ಕ್ಷೇತ್ರದ ಸದಸ್ಯನಿಗೆ ಕಾಗದ ಬರೆಯಬೇಕು, ಇಲ್ಲವೆ ಮುಖತಃ ಕಂಡು ಕೇಳಬೇಕು. ಸುಮಾರು ಎರಡು ಲಕ್ಷ ಜನರು ಕೇಳಿದರು. ೬೪೬ ಸದಸ್ಯರಲ್ಲಿ ೪೧೨ ಮಂದಿ ಮಸೂದೆಯನ್ನು ಬೆಂಬಲಿಸುವ ಸೂಚನೆಗೆ ರುಜು ಹಾಕಿದರು. ಅಪರಿಚಿತರ ಸಾವಿರ ಘೋಷಣೆಗಳಿಗೆ ಅಂಜದ ಸದಸ್ಯನು ತನ್ನ ಕ್ಷೇತ್ರದ ನೂರು ಕಾಗದಗಳಿಗೆ ಅಂಜುವನು.

೨೦೦೬ರ ನವೆಂಬರಿನಲ್ಲಿ ರಾಣಿಯ ಭಾಷಣದ ಮೂಲಕ ಸರ್ಕಾರವು ಮಸೂದೆಯ ವಾಗ್ದಾನವನ್ನು ಮಾಡಿತು. ಅನಿಲಗಳನ್ನು ೨೦೫೦ರೊಳಗೆ ೧೯೯೦ರ ಪ್ರಮಾಣಕ್ಕಿಂತ ನೂರಕ್ಕೆ ೬೦ರಷ್ಟು ಇಳಿಸುವುದೆಂದು ಮೊದಲಿದ್ದ ಗುರಿಯು ೮೦ಕ್ಕೆ ಏರಿತು. ೨೦೦೮ರ ಅಕ್ಟೋಬರಿನಲ್ಲಿ ೪೬೩ಕ್ಕೆ ೩ ಮತಗಳಿಂದ ಕಾಮನ್ಸ್ ಸಭೆಯು ಒಪ್ಪಿ, ನವೆಂಬರ್ ೨೬ರಂದು ಅದು ಶಾಸನವಾಯಿತು. ಕೇಳಿದುದೆಲ್ಲವೂ ದೊರೆಯಿತೆಂದಲ್ಲ, ವರ್ಷವರ್ಷದ ಕಟ್ಟಿಗೆ ಬದಲಾಗಿ ಐದೈದು ವರ್ಷಗಳ ಮಿತಿಗಳು ಬಂದುವು. ಆದರೂ ಆ ಶಾಸನಕ್ಕೆ ಹಲ್ಲುಗಳಿದ್ದುವು. ೨೦೨೨ರ ಜುಲೈನಲ್ಲಿ ಸರ್ಕಾರದ ಕಾರ್ಯಯೋಜನೆಯು ಶಾಸನಕ್ಕೆ ಅನುಗುಣವಾಗಿಲ್ಲವೆಂದು ಲಂಡನ್ನಿನ ಹೈಕೋರ್ಟು ತೀರ್ಪಿತ್ತಿತು; ದಾವೆ ಹೂಡಿದವರಲ್ಲಿ ಆ ಹಳೆಯ ಚಳವಳಿಯ ಸಂಸ್ಥೆಯೂ ಒಂದು. ಆದರೆ ಅಂದು ಶಾಸನಕ್ಕೆ ಮತವಿತ್ತಿದ್ದ ಕನ್ಸರ್ವೇಟಿವ್ ಪಕ್ಷವೇ ತಾನು ಅಧಿಕಾರಕ್ಕೆ ಬಂದರೆ ಅದನ್ನು ರದ್ದುಮಾಡುವುದಾಗಿ ೨೦೨೫ರ ಅಕ್ಟೋಬರಿನಲ್ಲಿ ಸಾರಿತು. ಶಾಸನವನ್ನು ಪಡೆದ ಜನರು ಅದನ್ನು ಕಾಯಲೂ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನು ನಮ್ಮ ದೇಶದ ಮಾತು. ೨೦೭೦ರೊಳಗೆ ಅನಿಲಗಳ ನಿವ್ವಳ ಲೆಕ್ಕವನ್ನು ಸೊನ್ನೆಗೆ ತರುವುದಾಗಿ ಭಾರತದ ಪ್ರಧಾನಮಂತ್ರಿಗಳು ೨೦೨೧ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಮಾತು ಕೊಟ್ಟರು. ಮಾತು ಬೇರೆ, ಶಾಸನ ಬೇರೆ. ೨೦೨೪ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವುದು ಪ್ರಜೆಗಳ ಹಕ್ಕೆಂದು ಮನ್ನಿಸಿ, ಈ ವಿಷಯಕ್ಕೆಂದೇ ಸಮಗ್ರವಾದ ಶಾಸನವು ದೇಶದಲ್ಲಿಲ್ಲವೆಂಬುದನ್ನೂ ಎತ್ತಿ ಹೇಳಿತು.

ಶತಮಾನಗಳ ಕಾಲ ಕಲ್ಲಿದ್ದಲನ್ನು ಸುಟ್ಟು ಸಿರಿವಂತರಾದವರು ಕಟ್ಟಿಕೊಳ್ಳಲಿ, ನಾವೇಕೆ ಕಟ್ಟಿಕೊಳ್ಳಬೇಕೆಂದು ಕೆಲವರು ಕೇಳುವರು. ಪ್ರಶ್ನೆಯಲ್ಲಿ ನ್ಯಾಯವಿದೆ; ತಲೆಯೊಂದಕ್ಕೆ ನಮ್ಮ ಪಾಲಿನ ಹೊಗೆಯು ಅವರದಕ್ಕಿಂತ ಬಹಳ ಕಡಮೆ. ಆದರೆ ಬರಗಾಲವು ಈ ನ್ಯಾಯವನ್ನು ವಿಚಾರಿಸಿ ಬರುವುದಿಲ್ಲ. ೨೦೨೩ರಲ್ಲಿ ಕರ್ನಾಟಕದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆಂದು ಘೋಷಿತವಾದುವು. ನಮಗೆ ಬೇಕಾದುದು ಬ್ರಿಟನ್ನಿನ ಶಾಸನದ ನಕಲಲ್ಲ. ಹೊಗೆಗೆ ನಮ್ಮ ಸ್ಥಿತಿಗೆ ತಕ್ಕ ಮಿತಿಯನ್ನಿಡುವ, ರೈತನಿಗೂ ಬಿಸಿಲಿನಲ್ಲಿ ದುಡಿಯುವ ಕೂಲಿಗೂ ರಕ್ಷಣೆಯನ್ನು ಹಕ್ಕಾಗಿ ಕೊಡುವ, ಸರ್ಕಾರವು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವಂತೆ ಮಾಡುವ ಶಾಸನವು ಬೇಕು.

ಇದು ನಮ್ಮಿಂದಾಗದ ಕೆಲಸವೆನ್ನುವವರು ಮಾಹಿತಿ ಹಕ್ಕಿನ ಚರಿತ್ರೆಯನ್ನು ನೆನೆಯಲಿ. ರಾಜಸ್ಥಾನದ ಕೂಲಿಕಾರರು ತಮ್ಮ ಕೂಲಿಯ ಲೆಕ್ಕದ ಪುಸ್ತಕಗಳನ್ನು ತೋರಿಸಿರೆಂದು ಕೇಳಿದರು. ೧೯೯೬ರಲ್ಲಿ ಬ್ಯಾವರಿನಲ್ಲಿ ೪೦ ದಿನಗಳ ಧರಣಿ ಕುಳಿತರು. ಅಲ್ಲಿ ಹೊತ್ತಿದ ಕಿಡಿಯಿಂದಲೇ ೨೦೦೫ರಲ್ಲಿ ಇಡೀ ದೇಶಕ್ಕೆ ಶಾಸನವು ದೊರೆಯಿತು.

ಲೋಕಸಭೆಯಲ್ಲಿ ಕರ್ನಾಟಕದ ೨೮ ಮಂದಿ ಪ್ರತಿನಿಧಿಗಳಿರುವರು. ವಾಚಕರು ತಮ್ಮ ಪ್ರತಿನಿಧಿಗೆ ಸ್ವಂತ ಹೆಸರಿನಿಂದ, ಸ್ವಂತ ಮಾತಿನಲ್ಲಿ ಒಂದು ಕಾಗದ ಬರೆಯಲಿ. ಉತ್ತರ ಬಾರದಿದ್ದರೆ ಮತ್ತೊಂದು ಬರೆಯಲಿ. ಅಧಿಕಾರಿಗಳಾದವರು ತಮ್ಮ ಕಚೇರಿಗಳಲ್ಲಿರುವ ಮಳೆಯ, ಬೆಳೆನಷ್ಟದ ಲೆಕ್ಕಗಳನ್ನು ಕೇಳಿದವರಿಗೆ ಅಡ್ಡಿಯಿಲ್ಲದೆ ಒದಗಿಸಲಿ, ಅದೂ ದೇಶಸೇವೆಯೇ. ಪ್ರಜೆಗಳು ಕೇಳದ ಶಾಸನವನ್ನು ಯಾವ ಸರ್ಕಾರವೂ ತನ್ನ ಕೊರಳಿಗೆ ತಾನೇ ಕಟ್ಟಿಕೊಳ್ಳುವುದಿಲ್ಲ.