ಶಕ್ತಿಯಿದ್ದರೂ ಸೋತ ಸಾಹಸಿಗರು

ಒಬ್ಬನ ಕಣ್ಣಿನಿಂದ ಬಂಡೆಯನ್ನೂ ಪುಡಿಮಾಡುವ ಕಿರಣ ಹೊಮ್ಮುತ್ತದೆ. ಇನ್ನೊಬ್ಬನ ಬೆನ್ನಿಗೆ ರೆಕ್ಕೆಗಳಿವೆ. ಮತ್ತೊಬ್ಬ ತನ್ನ ಮೈಯನ್ನೇ ಮಂಜುಗಡ್ಡೆಯಾಗಿಸಬಲ್ಲ. ಮಕ್ಕಳು ಮುಗಿಬಿದ್ದು ಓದಲು ಇನ್ನೇನು ಬೇಕು? ಆದರೆ ಓದುಗರು ಈ ವೀರರ ಕೈಹಿಡಿಯಲಿಲ್ಲ!

ಇದು ‘ಎಕ್ಸ್-ಮೆನ್’ ಎಂಬ ಅಮೆರಿಕದ ಕಾಮಿಕ್ಸ್ ಮಾಲಿಕೆಯ ಕಥೆ. ಮಾರ್ವೆಲ್ ಸಂಸ್ಥೆಗಾಗಿ ಬರಹಗಾರ ಸ್ಟ್ಯಾನ್ ಲೀ ಹಾಗೂ ಚಿತ್ರಕಾರ ಜ್ಯಾಕ್ ಕಿರ್ಬಿ 1963ರಲ್ಲಿ ಇದನ್ನು ಆರಂಭಿಸಿದರು. 1970ರಲ್ಲಿ, 66ನೇ ಸಂಚಿಕೆಯೊಂದಿಗೆ ಹೊಸ ಕಥೆಗಳು ನಿಂತವು. ನಂತರ 93ನೇ ಸಂಚಿಕೆಯವರೆಗೆ ಬಂದದ್ದು ಹಳೆಯ ಕಥೆಗಳ ಮರುಮುದ್ರಣ ಮಾತ್ರ.

ಎಡವಿದ್ದೆಲ್ಲಿ?

ಈ ವೀರರ ಶಕ್ತಿಗೆ ಹುಟ್ಟಿನಿಂದಲೇ ಬಂದ ಉತ್ಪರಿವರ್ತನೆ ಕಾರಣವಂತೆ. ಉತ್ಪರಿವರ್ತನೆ ಎಂದರೆ ಡಿಎನ್‌ಎಯಲ್ಲಿ ಆಗುವ ಬದಲಾವಣೆ. ಇಂಥ ಹಲವು ಬದಲಾವಣೆಗಳು ನಮ್ಮ ಅರಿವಿಗೇ ಬರುವುದಿಲ್ಲ. ಕೆಲವು ರೋಗ ತರುತ್ತವೆ. ರೆಕ್ಕೆಯಂತೂ ಮೂಡುವುದಿಲ್ಲ. ಆದರೆ ಮಾಲಿಕೆ ಸೋತದ್ದು ಈ ತಪ್ಪಿನಿಂದಲ್ಲ. ವಿಕಿರಣಶೀಲ ಜೇಡ ಕಚ್ಚಿ ಶಕ್ತಿ ಪಡೆದ ಸ್ಪೈಡರ್-ಮ್ಯಾನ್‌ನ ವಿಜ್ಞಾನವೂ ಅಷ್ಟೇ ತಪ್ಪು. ಆದರೂ 1962ರಲ್ಲಿ ಬಂದ ಅವನನ್ನು ಓದುಗರು ಅಪ್ಪಿಕೊಂಡರು.

ವ್ಯತ್ಯಾಸ ಇರುವುದು ಬದುಕಿನಲ್ಲಿ. ಸ್ಪೈಡರ್-ಮ್ಯಾನ್ ಆದ ಪೀಟರ್ ಪಾರ್ಕರ್‌ಗೆ ಮನೆಯ ಖರ್ಚಿನ ಚಿಂತೆ, ಸಾಕಿದ ದೊಡ್ಡಮ್ಮನ ಆರೋಗ್ಯದ ಚಿಂತೆ. ಅವನು ಪತ್ರಿಕೆಗೆ ಛಾಯಾಚಿತ್ರ ಮಾರಿ ನಾಲ್ಕು ಕಾಸು ಗಳಿಸುತ್ತಾನೆ. ಎಕ್ಸ್-ಮೆನ್ ಹುಡುಗರಾದರೋ ಪ್ರೊಫೆಸರ್ ಎಕ್ಸ್ ಅವರ ಬಂಗಲೆಯಂಥ ಶಾಲೆಯಲ್ಲಿ ನೆಮ್ಮದಿಯಾಗಿದ್ದರು. ಲೋಕ ಅವರನ್ನು ದ್ವೇಷಿಸುತ್ತದೆ ಎಂದು ಕಥೆ ಹೇಳುತ್ತಿತ್ತು. ಆ ನೋವು ಓದುಗನ ಎದೆಗೆ ತಟ್ಟುತ್ತಿದ್ದುದು ಕಡಿಮೆ. ಖಳನೊಬ್ಬ ಬರುವುದು, ಹೊಡೆದಾಟ, ಗೆಲುವು. ಮುಂದಿನ ಸಂಚಿಕೆಯಲ್ಲಿ ಮತ್ತೊಬ್ಬ ಖಳ! 1969ರಲ್ಲಿ ನೀಲ್ ಆಡಮ್ಸ್ ಬಿಡಿಸಿದ ಚಿತ್ರಗಳು ಬಹಳ ಮೆಚ್ಚುಗೆ ಪಡೆದವು. ಅವೂ ಮಾಲಿಕೆಯನ್ನು ಉಳಿಸಲಿಲ್ಲ.

ಮರುಹುಟ್ಟು

1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ ಹೊಸ ತಂಡ ಕಟ್ಟಿದರು. ಕೀನ್ಯಾದಿಂದ ಬಂದ ಸ್ಟಾರ್ಮ್, ಸೈಬೀರಿಯಾದ ರೈತನ ಮಗ ಕೊಲೋಸಸ್, ಜರ್ಮನಿಯ ನೈಟ್‌ಕ್ರಾಲರ್, ಕೆನಡಾದ ವುಲ್ವರಿನ್ ಅದರಲ್ಲಿದ್ದರು. ಅದೇ ವರ್ಷ ಬರವಣಿಗೆಯ ಹೊಣೆ ಹೊತ್ತ ಕ್ರಿಸ್ ಕ್ಲೇರ್‌ಮಾಂಟ್ 1991ರವರೆಗೂ ಅದನ್ನು ಬಿಡಲಿಲ್ಲ. ಅವರ ಕಥೆಗಳಲ್ಲಿ ಶಕ್ತಿಗೆ ಬೆಲೆ ತೆರಬೇಕಿತ್ತು. ನೈಟ್‌ಕ್ರಾಲರ್‌ನ ರೂಪ ಕಂಡು ಜನ ಹೆದರುತ್ತಿದ್ದರು. 1980ರ ಕಥೆಯಲ್ಲಿ ತನ್ನ ಶಕ್ತಿ ತನ್ನ ಹತೋಟಿಗೇ ಸಿಗದಾದಾಗ ಜೀನ್ ಗ್ರೇ ಪ್ರಾಣವನ್ನೇ ತ್ಯಜಿಸುತ್ತಾಳೆ. ‘ನಾನು ಎಲ್ಲರಂತಿಲ್ಲ’ ಎಂದು ಕೊರಗುವ ಹದಿಹರೆಯದವರಿಗೆ ಇಲ್ಲಿ ತಮ್ಮದೇ ಮುಖ ಕಂಡಿತು.

1991ರಲ್ಲಿ ಹೊಸದಾಗಿ ಆರಂಭವಾದ ‘ಎಕ್ಸ್-ಮೆನ್’ ಮೊದಲ ಸಂಚಿಕೆಯ 80 ಲಕ್ಷ ಪ್ರತಿಗಳು ಹೋದವು. ಅದೊಂದು ದಾಖಲೆ. ಆದರೆ ಒಂದೇ ಸಂಚಿಕೆಗೆ ಹಲವು ಮುಖಪುಟಗಳಿದ್ದವು. ಬೆಲೆ ಏರೀತೆಂದು ಕೂಡಿಟ್ಟವರೂ ಬಹಳ. ಆ ಅಬ್ಬರ ಉಳಿಯಲಿಲ್ಲ. 1996ರಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿ ಅರ್ಜಿ ಹಾಕಬೇಕಾಯಿತು. ಕೊಂಡವರೆಲ್ಲ ಓದುಗರಲ್ಲ!

ಮಗು ಕಾಮಿಕ್ಸ್ ಹಿಡಿದು ಕೂತಾಗ ಕಸಿದುಕೊಳ್ಳುವ ಪಾಲಕರು ಒಮ್ಮೆ ಕೇಳಿನೋಡಬಹುದು: ‘ಇವನಿಗೆ ಏನು ಕಷ್ಟ?’ ಮಗು ಉತ್ಸಾಹದಿಂದ ಹೇಳತೊಡಗಿದರೆ ಆ ಪುಸ್ತಕ ಅದರ ಮನಸ್ಸು ಮುಟ್ಟಿದೆ ಎಂದರ್ಥ. ‘ಇವನು ಹಾರುತ್ತಾನೆ’ ಎಂಬಷ್ಟೇ ಉತ್ತರ ಬಂದರೆ ಚಿಂತೆ ಬೇಡ. ನಾಲ್ಕು ದಿನದಲ್ಲಿ ಮಗುವೇ ಅದನ್ನು ಮೂಲೆಗಿಡುತ್ತದೆ.