ಹಳೇ ನೆಟ್‌ಬುಕ್‌ಗೆ ಹೊಸ ಜೀವ: ‘ಬೆಂಬಲ ಇಲ್ಲ’ ಅಂದ್ರ ಏನು?

ಗೆಳೆಯ ಗೆಳತಿಯರೇ, ಹೋದ ಸಲ ಇದೇ ಗೋಡೆಯ ಮೇಲೆ ಕಮಲಾಪುರದ ಕೆಂಪು ಬಾಳೆಯ ಬಗ್ಗೆ ಲೇಖನ ಬಂದಿತ್ತು. ಎಲ್ಲರೂ ನಿಂತು ಓದಿದಿರಿ. ಈ ಸಲ ನನ್ನ ಸರದಿ. ನಾನು ಬರೆಯುತ್ತಿರುವುದು ನಮ್ಮ ಮನೆಯ ಒಂದು ಹಳೆಯ ಕಂಪ್ಯೂಟರಿನ ಬಗ್ಗೆ. ಓದಿದ ಮೇಲೆ ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಇದೆಯೇನೋ ಅಂತ ಹುಡುಕಿ ನೋಡಿರಿ.

ನಮ್ಮ ಕಾಕಾ ಕಲಬುರಗಿಯಲ್ಲಿ ಓದುವಾಗ 2009ರಲ್ಲಿ ಒಂದು ನೆಟ್‌ಬುಕ್ ತಗೊಂಡಿದ್ದ. ನೆಟ್‌ಬುಕ್ ಅಂದರೆ ಪುಟ್ಟ ಲ್ಯಾಪ್‌ಟಾಪ್. ಪರದೆ 10 ಇಂಚು, ಸಿ.ಡಿ. ಹಾಕುವ ಜಾಗವೇ ಇಲ್ಲ, ನಮ್ಮ ಸಮಾಜ ವಿಜ್ಞಾನದ ಪುಸ್ತಕಕ್ಕಿಂತ ಸ್ವಲ್ಪ ದಪ್ಪ. ಕಾಕಾನ ಓದು ಮುಗಿದ ಮೇಲೆ ಅದು ಅಕ್ಕನ ಕೈಗೆ ಬಂತು. 2013ರಲ್ಲಿ ಅಕ್ಕ ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಮುತ್ಯಾ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ, ಅಕ್ಕ ಅದರಲ್ಲಿ ಟೈಪ್ ಮಾಡುತ್ತಿದ್ದಳು. ಯಾವ ಹೊಲಕ್ಕೆ ಏನು ಹೆಸರು, ಆ ಹೆಸರು ಯಾಕೆ ಬಂತು, ಯಾವ ಬಾವಿ ಯಾವ ಬರಗಾಲದಲ್ಲೂ ಬತ್ತಲಿಲ್ಲ, ಹೀಗೆ 31 ಪುಟ. ಮುತ್ಯಾ 2019ರಲ್ಲಿ ತೀರಿಕೊಂಡ. ಆ 31 ಪುಟ ಆ ಯಂತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

2025ರ ದಸರಾ ರಜೆಯಲ್ಲಿ ಅಕ್ಕ ಊರಿಗೆ ಬಂದಾಗ ಅದನ್ನು ಹೊರಗೆ ತೆಗೆದೆವು. ಶುರುವಾಗಲಿಕ್ಕೆ 11 ನಿಮಿಷ. ಬ್ಯಾಟರಿ ಸತ್ತಿತ್ತು. ನಮ್ಮ ಆಯಿ ಇನ್ನೂ ಗಟ್ಟಿ ಇದ್ದಾಳೆ, ಮುತ್ಯಾ ಬಿಟ್ಟದ್ದನ್ನು ಆಕೆ ಹೇಳುತ್ತಾಳೆ. ಬರೆಯಲಿಕ್ಕೆ ಒಂದು ಯಂತ್ರ ಬೇಕು, ಹೊಸದು ತರಲು ರೊಕ್ಕ ಇಲ್ಲ. ರಿಪೇರಿ ಅಂಗಡಿಗೆ ಒಯ್ದರೆ ಅವರು ತಿರುವಿ ಮುರುವಿ ನೋಡಿ, “ಇದಕ್ಕ ಈಗ ಯಾವುದೂ ಸಪೋರ್ಟ್ ಇಲ್ಲ ತಮ್ಮಾ, ಗುಜರಿಗೆ ಹಾಕು” ಅಂದರು.

ಆ ‘ಸಪೋರ್ಟ್ ಇಲ್ಲ’ ಅನ್ನುವ ಮಾತೇ ನನ್ನ ತಲೆಯಲ್ಲಿ ಕೂತಿತು. ಹಂಗಂದ್ರ ಏನು?

ಮೊದಲು, ಆಪರೇಟಿಂಗ್ ಸಿಸ್ಟಂ ಎಂದರೇನು?

ನಮ್ಮ ಶಾಲೆಯನ್ನೇ ನೋಡಿರಿ. ಯಾವ ತರಗತಿಗೆ ಯಾವ ಕೋಣೆ, ಗಂಟೆ ಯಾವಾಗ, ಗ್ರಂಥಾಲಯದ ಬೀಗ ಯಾರ ಕೈಯಲ್ಲಿ, ಇದನ್ನೆಲ್ಲ ಮುಖ್ಯಗುರುಗಳು ನೋಡಿಕೊಳ್ಳುತ್ತಾರೆ. ಕಂಪ್ಯೂಟರಿನಲ್ಲಿ ಆ ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಂ. ಮೆಮೊರಿ ಯಾರಿಗೆ ಎಷ್ಟು, ಕೀಲಿ ಒತ್ತಿದರೆ ಆ ಅಕ್ಷರ ಎಲ್ಲಿಗೆ ಹೋಗಬೇಕು, ಎಲ್ಲಾ ಅದರದೇ ಹುಕುಂ. ನಮ್ಮ ನೆಟ್‌ಬುಕ್‌ನಲ್ಲಿ ಇದ್ದದ್ದು ವಿಂಡೋಸ್ ಎಕ್ಸ್‌ಪಿ. ಅದಕ್ಕೆ ಕಂಪನಿಯ ಬೆಂಬಲ ಮುಗಿದದ್ದು 2014ರ ಏಪ್ರಿಲ್ 8ರಂದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು.

ಬೆಂಬಲ ಮುಗಿದ ದಿನ ಯಂತ್ರ ನಿಂತುಬಿಡುವುದಿಲ್ಲ. ಕಳ್ಳರು ನುಗ್ಗುವ ಹೊಸ ಸಂದಿ ಕಂಡರೆ ಅದನ್ನು ಮುಚ್ಚಲು ಕಂಪನಿ ಬರುವುದಿಲ್ಲ, ಅಷ್ಟೇ.

ಎರಡು ಥರದ ‘ಆಗಲ್ಲ’

ನನಗೆ ಇದರಲ್ಲಿ ತಿಳಿದುಬಂದ ಮುಖ್ಯ ಸಂಗತಿ ಇದು. ‘ಆಗಲ್ಲ’ ಅನ್ನುವುದರಲ್ಲಿ ಎರಡು ಥರ ಇವೆ.

ಒಂದು, ಕಾಯಿದೆಯ ‘ಆಗಲ್ಲ’. ಉದಾಹರಣೆಗೆ ವಿಂಡೋಸ್ 11 ಹಾಕಬೇಕಾದರೆ 4 ಜಿಬಿ ಮೆಮೊರಿ, 64 ಜಿಬಿ ಜಾಗ, ಟಿ.ಪಿ.ಎಂ. 2.0 ಎಂಬ ಭದ್ರತೆಯ ಚಿಪ್ ಇರಬೇಕು ಎಂದು ಕಂಪನಿ ಹೇಳುತ್ತದೆ. ಆ ಚಿಪ್ ಇಲ್ಲದ ಎಷ್ಟೋ ಕಂಪ್ಯೂಟರುಗಳಲ್ಲಿ ಜನ ತಪಾಸಣೆಯನ್ನು ದಾಟಿಸಿ ಹಾಕಿಕೊಂಡಿದ್ದಾರೆ, ಓಡುತ್ತದೆ. ಆದರೆ ನಾಳೆ ಕೆಟ್ಟರೆ ಕೇಳುವವರಿಲ್ಲ.

ಎರಡು, ಮೈಯ ‘ಆಗಲ್ಲ’. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿಗೆ ಕೆಲವು ಆಜ್ಞೆಗಳು ಗೊತ್ತೇ ಇರುವುದಿಲ್ಲ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪಾಪ್‌ಕೌಂಟ್ ಎಂಬ ಆಜ್ಞೆ ಬೇಕೇ ಬೇಕು. ಅದು ಗೊತ್ತಿಲ್ಲದ ಹಳೆಯ ಪ್ರೊಸೆಸರ್ ಮೇಲೆ ಎಷ್ಟು ತಿಪ್ಪರಲಾಗ ಹಾಕಿದರೂ ಅದು ಏಳುವುದಿಲ್ಲ. ಕುಂಟೆ ಎಳೆಯುವ ಎತ್ತಿಗೆ ಹಾರಲು ಹೇಳಿದಂತೆ.

ಕಾಯಿದೆಯ ‘ಆಗಲ್ಲ’ ಬಂದಾಗ ಯೋಚನೆ ಮಾಡಬಹುದು. ಮೈಯ ‘ಆಗಲ್ಲ’ ಬಂದಾಗ ಬೇರೆ ದಾರಿ ಹುಡುಕಬೇಕು. ಅಂಗಡಿಯವರು ಎರಡನ್ನೂ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಕೆಂಪು ದಾರ, ಬಿಳಿ ದಾರ

“ಏನಾರ ಮಾಡು, ಮೊದಲ ಮುತ್ಯಾನ ಫೈಲ್ ಹೊರಗ ತಗಿ” ಅಂದಳು ಅಕ್ಕ. ಹೊಸ ಆಪರೇಟಿಂಗ್ ಸಿಸ್ಟಂ ಹಾಕುವಾಗ ಹಳೆಯದೆಲ್ಲ ಅಳಿಸಿ ಹೋಗುತ್ತದೆ. ಹಾಗಾಗಿ ಫೈಲನ್ನು ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿ, ಮಹಾಗಾಂವ ಕ್ರಾಸ್‌ನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ತೆರೆದು ನೋಡಿದೆ. ನನ್ನ ಎದೆ ಧಸಕ್ ಅಂತು. ಕನ್ನಡದ ಒಂದಕ್ಷರವೂ ಇಲ್ಲ! ಬರೀ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಗೆರೆ ಹೊತ್ತ ಅಕ್ಷರ, ‘ನ’ ಇರಬೇಕಾದಲ್ಲೆಲ್ಲ ಬ್ರಿಟಿಷರ ಪೌಂಡ್ ಗುರುತು.

ಫೋನ್ ಮಾಡಿದರೆ ಅಕ್ಕ ನಕ್ಕಳು. “ಫೈಲ್ ಕೆಟ್ಟಿಲ್ಲೋ ತಮ್ಮಾ, ಅದು ನುಡಿ” ಅಂದಳು. ವಿಷಯ ಹೀಗಿದೆ. ಆಗಿನ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಈ ಗೊಂದಲ. ಯುನಿಕೋಡ್ ಹಾಗಲ್ಲ. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೆ ತನ್ನದೇ ನಂಬರ್ ಇದೆ. ಅದರ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು.

ಇನ್ನು ಎರಡನೇ ಗಂಡಾಂತರ. ಹೊಸ ಸಿಸ್ಟಂ ಹಾಕಲು ಇನ್ನೊಂದು ಪೆನ್‌ಡ್ರೈವ್ ತಯಾರಿಸಬೇಕು. ಅದರ ಫೈಲನ್ನು ಸುಮ್ಮನೆ ನಕಲು ಮಾಡಿದರೆ ಸಾಲದು, ರೂಫಸ್‌ನಂಥ ತಂತ್ರಾಂಶದಿಂದ ‘ಬರೆಯಬೇಕು’. ಬರೆಯುವಾಗ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ. ನನ್ನ ಹತ್ತಿರ ಇದ್ದವು ಎರಡು ಕರಿ ಪೆನ್‌ಡ್ರೈವ್, ಅವಳಿ ಜವಳಿ. ಅಕ್ಕ ಅಂಗಡಿಗೆ ಬರುವ ಹೊತ್ತಿಗೆ ನಾನು ಒಂದನ್ನು ಚುಚ್ಚಿ ‘ಸ್ಟಾರ್ಟ್’ ಒತ್ತಲು ಕೈ ಎತ್ತಿದ್ದೆ. “ತಡೀ! ಅದ್ಯಾವುದದು?” ಅಂದಳು. ತೆರೆದು ನೋಡಿದರೆ ಮುತ್ಯಾನ ಫೈಲ್ ಇದ್ದದ್ದೇ ಅದು. ಅರ್ಧ ನಿಮಿಷ ತಡವಾಗಿದ್ದರೆ ನಕಲು ಹೋಗಿಬಿಡುತ್ತಿತ್ತು, ನಾನು ತಿಳಿಯದೆ ನೆಟ್‌ಬುಕ್ಕನ್ನೂ ಅಳಿಸುತ್ತಿದ್ದೆ. ಅಂದೇ ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿದೆವು. ಫೈಲಿನ ಇನ್ನೊಂದು ನಕಲು ಕಾಕಾನ ಮೊಬೈಲಿಗೂ ಹೋಯಿತು.

ಮೊದಲ ಪ್ರಯತ್ನ ಫೇಲ್

ನಾವು ಆರಿಸಿದ್ದು ಲಿನಕ್ಸ್. 1991ರಲ್ಲಿ ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಇದನ್ನು ಶುರು ಮಾಡಿದ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು. ಪುಟ್ಟ ಯಂತ್ರಕ್ಕೂ ಲಿನಕ್ಸ್‌ಗೂ ಹಳೆಯ ನಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಕೂಡಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರ್ ಓಡುತ್ತಿದ್ದದ್ದು ಲಿನಕ್ಸ್ ಮೇಲೆ. ಅದು 2004ರಲ್ಲಿ ಮಾರಾಟಕ್ಕೆ ಬಂತು. 2007ರಲ್ಲಿ ಜಗತ್ತಿಗೆ ನೆಟ್‌ಬುಕ್ ರೂಢಿ ಮಾಡಿಸಿದ ಏಸಸ್ ಈ ಪಿಸಿ ಕೂಡ ಲಿನಕ್ಸ್ ಹೊತ್ತೇ ಹುಟ್ಟಿತ್ತು.

ಹೊಸದೇ ಒಳ್ಳೆಯದು ಅಂದುಕೊಂಡು 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ತಂದೆ. ಪೆನ್‌ಡ್ರೈವ್ ಚುಚ್ಚಿ ಶುರು ಮಾಡಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು: ನನಗೆ 64 ಬಿಟ್ ಪ್ರೊಸೆಸರ್ ಬೇಕು, ಇಲ್ಲಿ ಇರುವುದು ಐ686, ನಾನು ಏಳಲಾರೆ ಎಂಬ ಅರ್ಥ. ಇದೇ ಮೈಯ ‘ಆಗಲ್ಲ’.

ಬಿಟ್ ಅಂದರೆ ಒಂದು ಬಲ್ಬು ಅಂದುಕೊಳ್ಳಿರಿ, ಹತ್ತಿದೆ ಅಥವಾ ಆರಿದೆ. ಎರಡು ಬಲ್ಬಿದ್ದರೆ 4 ಥರ, ಮೂರಿದ್ದರೆ 8 ಥರ. 32 ಬಲ್ಬಿದ್ದರೆ 429,49,67,296 ಥರ. 32 ಬಿಟ್ ಪ್ರೊಸೆಸರ್ ಒಂದೇ ಸಲಕ್ಕೆ ಇಷ್ಟು ದೊಡ್ಡ ಲೆಕ್ಕ ಹಿಡಿಯುತ್ತದೆ. 64 ಬಿಟ್‌ಗಾಗಿ ಬರೆದ ಆಜ್ಞೆಗಳು ಬೇರೆಯೇ ಆದ್ದರಿಂದ ಇದಕ್ಕೆ ತಿಳಿಯುವುದಿಲ್ಲ. ನಮ್ಮದರಲ್ಲಿ ಇರುವುದು 2008ರ ಇಂಟೆಲ್ ಆಟಂ ಎನ್270, ಬರೀ 32 ಬಿಟ್. ಮೆಮೊರಿ 1 ಜಿಬಿ. ಹೆಸರನ್ನು ಮೊದಲೇ ಓದಿಕೊಂಡಿದ್ದರೆ ಒಂದು ದಿನದ ಡೇಟಾ ಉಳಿಯುತ್ತಿತ್ತು.

ಎರಡನೇ ಪ್ರಯತ್ನ

2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ 32 ಬಿಟ್‌ಗೂ ಇನ್‌ಸ್ಟಾಲ್ ಮಾಡುವ ಫೈಲ್ ಇದೆ. ಅದನ್ನು ಬಿಳಿ ದಾರದ ಪೆನ್‌ಡ್ರೈವ್‌ಗೆ ಬರೆದೆವು. ಯಂತ್ರ ಏಳುವಾಗ ಸೆಟಪ್ ಕೀಲಿ ಒತ್ತಿ, ಹಾರ್ಡ್‌ಡಿಸ್ಕ್‌ಗಿಂತ ಮೊದಲು ಪೆನ್‌ಡ್ರೈವ್ ಓದು ಎಂದು ಹೇಳಿದೆವು. ಭಾಷೆಗಳ ಪಟ್ಟಿಯಲ್ಲಿ ‘ಕನ್ನಡ’ ಅಂತ ಕನ್ನಡದಲ್ಲೇ ಬರೆದದ್ದು ಕಂಡು ನಮ್ಮವ್ವ ಕೂಡ ಒಲೆ ಬಿಟ್ಟು ಬಂದು ನೋಡಿದಳು.

ಅರ್ಧ ಆಗಿತ್ತು, ಕರೆಂಟ್ ಹೋಯಿತು. ಬ್ಯಾಟರಿ ಇಲ್ಲದ ಯಂತ್ರ ಅಲ್ಲೇ ಕಣ್ಣು ಮುಚ್ಚಿತು. ಹಳೆಯದು ಅಳಿದಿತ್ತು, ಹೊಸದು ಇನ್ನೂ ಬಂದಿರಲಿಲ್ಲ. ಕೆಂಪು ದಾರದ ಪೆನ್‌ಡ್ರೈವ್ ಜೇಬಿನಲ್ಲಿ ಇಲ್ಲದಿದ್ದರೆ ನಾನು ಆ ರಾತ್ರಿ ಅಕ್ಕನ ಮುಖ ನೋಡುತ್ತಿರಲಿಲ್ಲ. ಮರುದಿನ ಅಂಗಡಿಯ ಇನ್ವರ್ಟರಿಗೆ ಹಚ್ಚಿ ಮೊದಲಿನಿಂದ ಮಾಡಿದೆವು. ಇಂಟರ್ನೆಟ್ಟಿಗೆ ಕಾಕಾನ ಮೊಬೈಲ್.

ಒಂದು ಕಡೆ ಎಚ್ಚರ ಬೇಕು. ಪರದೆಯ ರೂಪ ಯಾವುದು ಎಂದು ಕೇಳಿದಾಗ ಮೊದಲೇ ಗುರುತು ಹಾಕಿದ ‘ಗ್ನೋಮ್’ ತೆಗೆದು ‘ಎಲ್‌ಎಕ್ಸ್‌ಡಿಇ’ ಆರಿಸಿದೆವು. ಗ್ನೋಮ್ ಚಂದ, ಆದರೆ 1 ಜಿಬಿಗೆ ಭಾರ. ಎಲ್‌ಎಕ್ಸ್‌ಡಿಇ ಸಾದಾ, ಹಗುರ. ಈಗ ಎರಡು ನಿಮಿಷದ ಒಳಗೆ ಯಂತ್ರ ಎದ್ದು ಕೂಡುತ್ತದೆ.

ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ಸಿಕ್ಕಿತು. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಇರುವ ಅದೇ ವಿನ್ಯಾಸ. ಅಕ್ಕನ ಬೆರಳು ಏನೂ ಹೊಸದಾಗಿ ಕಲಿಯಬೇಕಾಗಲಿಲ್ಲ. ಗುಬ್ಬಿ, ನವಿಲು ಅಂತ ಹೆಸರಿನ ಕನ್ನಡ ಫಾಂಟುಗಳೂ ಪುಕ್ಕಟೆ ಬಂದವು. ಮುತ್ಯಾನ 31 ಪುಟವನ್ನು ನುಡಿಯಿಂದ ಯುನಿಕೋಡಿಗೆ ಬದಲಿಸುವ ತಂತ್ರಾಂಶದಲ್ಲಿ ಹಾಕಿದೆವು. ಪೌಂಡ್ ಗುರುತುಗಳೆಲ್ಲ ಮತ್ತೆ ‘ನ’ ಆದವು. ಕೆಲವು ಕಡೆ ಅರ್ಕಾವತ್ತು, ಒತ್ತಕ್ಷರ ತಪ್ಪಿದ್ದವು. ಅಕ್ಕ ಒಂದು ವಾರ ಕೂತು ತಿದ್ದಿದಳು.

ಇದಕ್ಕೂ ಮಿತಿ ಇದೆ

ಸುಳ್ಳು ಹೇಳಬಾರದು. ಯೂಟ್ಯೂಬ್ ವಿಡಿಯೋ ತಡವರಿಸುತ್ತದೆ. ಒಮ್ಮೆಗೆ ಎರಡು ಪುಟ ತೆರೆದರೆ ಏದುಸಿರು. ಫೈರ್‌ಫಾಕ್ಸ್‌ನ ಹೊಸ ಆವೃತ್ತಿಗಳು 2025ರ ಕೊನೆಯಿಂದ 32 ಬಿಟ್ ಲಿನಕ್ಸ್‌ಗೆ ಬರುವುದು ನಿಂತಿದೆ. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲ್ ಫೈಲೇ ಇಲ್ಲ. ಅಂದರೆ ಈ ದಾರಿಗೂ ಒಂದು ಕೊನೆ ಇದೆ. ಆ ದಿನ ಬಂದಾಗ ಇಂಟರ್ನೆಟ್ ಕಿತ್ತು, ಬರೀ ಬರೆಯುವ ಯಂತ್ರ ಮಾಡಿಕೊಳ್ಳುತ್ತೇವೆ. ಬ್ಯಾಂಕಿನ ವ್ಯವಹಾರವನ್ನಂತೂ ಇದರಲ್ಲಿ ಈಗಲೂ ಮಾಡುವುದಿಲ್ಲ.

ನೀವು ಮಾಡುವುದಾದರೆ ನೆನಪಿಡಿರಿ:

1. ಮೊದಲು ನಿಮ್ಮ ಫೈಲುಗಳನ್ನು ಎರಡು ಕಡೆ ನಕಲು ಮಾಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿರಿ.
2. ಪೆನ್‌ಡ್ರೈವ್‌ಗಳಿಗೆ ಗುರುತು ಹಾಕಿರಿ.
3. ಪ್ರೊಸೆಸರ್ ಹೆಸರು ಓದಿ, 32 ಬಿಟ್ಟೋ 64 ಬಿಟ್ಟೋ ತಿಳಿದುಕೊಂಡು ಆಮೇಲೆ ಡೌನ್‌ಲೋಡ್ ಮಾಡಿರಿ.
4. ಬ್ಯಾಟರಿ ಸತ್ತಿದ್ದರೆ ಕರೆಂಟಿನ ವ್ಯವಸ್ಥೆ ಮಾಡಿಕೊಳ್ಳಿರಿ.
5. ಯಾರಾದರೂ ‘ಆಗಲ್ಲ’ ಅಂದರೆ, ಯಾವ ಥರದ ‘ಆಗಲ್ಲ’ ಅಂತ ಕೇಳಿರಿ.

ಈಗ ದಿನಾ ಸಂಜೆ ಆಯಿ ಕಟ್ಟೆಯ ಮೇಲೆ ಕೂತು ಹೇಳುತ್ತಾಳೆ, ಅಕ್ಕ ಊರಲ್ಲಿ ಇಲ್ಲದ್ದಕ್ಕೆ ನಾನು ಟೈಪ್ ಮಾಡುತ್ತೇನೆ. ನಿನ್ನೆ ಆಯಿ, “ನಿಮ್ಮ ಮುತ್ಯಾ ಆ ಬಾವಿದು ತಪ್ಪ ಹೇಳ್ಯಾನ, ಬರಕೋ” ಅಂದಳು. ಮುತ್ಯಾ ಹೇಳಿದ್ದನ್ನು ಅಳಿಸಲಿಲ್ಲ, ಕೆಳಗೆ ಆಯಿಯ ಮಾತನ್ನೂ ಬರೆದೆ. ಈಗ 34ನೇ ಪುಟ ನಡೆದಿದೆ.

ಇಂತಿ,
ನಿಮ್ಮ ಗೆಳೆಯ,
10ನೇ ತರಗತಿ, ಮಹಾಗಾಂವ